ಹಸಿರು ಪೆನ್ಸಿಲ್ಲಿನ ದಾರಿ

ತಾಂಜಾನಿಯಾ
(ಊರ ಹೆಸರು ಬರೆಯಲ್ಲ, ಬರೆದೇ ಕೆಟ್ಟಿದ್ದೀನಿ)
ಭಾನುವಾರ, 11 ಆಗಸ್ಟ್ 2024

ಅವ್ವಾ, ನಿನ್ನ ಮಗಳು ಭಾಗ್ಯನ ಶರಣು.

ಈ ಕಾಗದ ನೀನೇ ಓದಬೇಕು. ನನ್ನ ತಮ್ಮ ಸಿದ್ದಾರ್ಥನ ಕೈಗೆ ಕೊಟ್ಟು ಓದಿಸ್ಕೋಬೇಡ. ಅಪ್ಪ ಹಟ ಮಾಡಿ ನಿನ್ನನ್ನ ರಾತ್ರಿ ಶಾಲೆಗೆ ಕಳಿಸಿ ಕಲಿಸಿದ ಅಕ್ಷರ ಇವತ್ತು ಕೆಲಸಕ್ಕೆ ಬರಲಿ. ಬಸ್ಸಿನ ಬೋರ್ಡು ಓದ್ತೀಯ, ರೇಷನ್ ಕಾರ್ಡು ಓದ್ತೀಯ, ಇದನ್ನೂ ಓದು. ದಪ್ಪಕ್ಕೆ, ಬಿಡಿಸಿ ಬಿಡಿಸಿ ಬರೀತಿದ್ದೀನಿ. ಫೋನಲ್ಲಿ ಹೇಳಬಹುದಿತ್ತು. ಫೋನಲ್ಲಿ ನೀನು ಉಂಡ್ಯಾ ಕೂಸೇ ಅಂತೀಯ, ನಾನು ಊಂ ಉಂಡೆ ಅಂತೀನಿ, ಅಲ್ಲಿಂದಲೇ ಸುಳ್ಳು ಶುರುವಾಗುತ್ತೆ. ಇಲ್ಲಿನ ಆಸ್ಪತ್ರೆಯಲ್ಲಿ ಕೇರಳದ ಬತ್ತೇರಿ ಕಡೆಯ ಒಬ್ಬ ನರ್ಸಮ್ಮ ಇದ್ದಾಳೆ. ರಜೆಗೆ ಊರಿಗೆ ಹೊರಟಿದ್ದಾಳೆ, ಗುಂಡ್ಲುಪೇಟೆಯಲ್ಲಿ ಇಳಿದು ಪೋಸ್ಟಿಗೆ ಹಾಕ್ತೀನಿ ಅಂದಿದ್ದಾಳೆ. ನೀನು ಹಂಗಳದ ಹೊಲದಲ್ಲಿ ಚೆಂಡು ಹೂವು ಕಿತ್ತು ಮನೆಗೆ ಬರೋ ಹೊತ್ತಿಗೆ ಇದು ಬಾಗಿಲಲ್ಲಿ ಬಿದ್ದಿರುತ್ತೆ.

ಉಂಡಿಲ್ಲ ಅವ್ವ. ಐದು ದಿನ ಆಯ್ತು.

ನಾನು ಇಲ್ಲಿ ಮಾಡೋ ಕೆಲಸ ಏನು ಅಂತ ನೀನು ಕೇಳಿದಾಗ, ಕಾಡಿನ ಅಂಚಲ್ಲಿರೋ ಜನ ಹೆಂಗೆ ಬದುಕ್ತಾರೆ ಅಂತ ತಿಳ್ಕೊಳ್ಳೋದು ಅಂದಿದ್ದೆ. ಅದ್ನ ತಿಳ್ಕಳಕೆ ಇಮಾನ ಅತ್ಬೇಕಾ ಕಣಮ್ಮಿ, ನನ್ನ ಕೇಳಿದ್ರೆ ನಾನೇ ಯೋಳ್ತಿರ್ನಿಲ್ವಾ ಅಂದು ನೀನು ನಕ್ಕಿದ್ದೆ. ಅವತ್ತು ನಾನೂ ನಕ್ಕೆ. ಇಂಗ್ಲೆಂಡಿನ ಯೂನಿವರ್ಸಿಟಿ, ಸ್ಕಾಲರ್‌ಶಿಪ್ಪು, ಗೈಡು, ಏಳು ತಿಂಗಳ ಫೀಲ್ಡ್‌ವರ್ಕು, ಎಲ್ಲ ಕೂಡಿಸಿದರೂ ನಿನ್ನ ಅಂಗಾಲಿನ ಬಿರುಕಿನಷ್ಟು ತಿಳಿವಳಿಕೆ ಇಲ್ಲ.

ಇಲ್ಲಿಯವರು ನಮ್ಮಂಥವರೇ. ಮುಸುಕಿನ ಜೋಳದ ಹಿಟ್ಟಲ್ಲಿ ಬಿಳೀ ಮುದ್ದೆ ತಿರುವುತಾರೆ, ಸೊಪ್ಪಿನ ಸಾರು ಮಾಡ್ತಾರೆ. ಆಚೆಗೆ ಕಾಡು. ಅಜ್ಜಂದಿರ ಕಾಲದಿಂದ ಸೌದೆ, ಹುಲ್ಲು, ಜೇನು ತಂದ ಕಾಡಿಗೆ ಈಗ ಬೋರ್ಡು ನೆಟ್ಟಿದ್ದಾರೆ. ಜೀಪಲ್ಲಿ ಸಿಂಹ ನೋಡೋಕೆ ಬರೋರಿಗೆ ಗೇಟು ತೆಗೀತಾರೆ, ಸೌದೆಗೆ ಹೋದವಳಿಗೆ ಕೋಳ ತೊಡಿಸ್ತಾರೆ. ಕಾಡು ಯಾವ ದೇಶದ್ದಾದರೂ ಕಾನೂನು ಮೊದಲು ಹುಡುಕೋದು ಬರಿಗಾಲಿನೋರನ್ನೇ.

ನಾನಿರೋ ಮನೆಯಲ್ಲಿ ಒಬ್ಬ ಅಜ್ಜಿ, ಅವಳ ಮಗಳು, ಮಗಳ ಮಗಳು. ಮಗುವಿಗೆ ಎಂಟು ವರ್ಷ. ನೀಮಾ ಅಂತ ಕರೀತೀನಿ, ಅದು ಅವಳ ನಿಜವಾದ ಹೆಸರಲ್ಲ. ಇಲ್ಲಿ ಹಿರಿಯರನ್ನ ಕಂಡಾಗ ‘ಶಿಕಾಮೂ’ ಅನ್ನಬೇಕು. ನಿಮ್ಮ ಕಾಲು ಹಿಡೀತೀನಿ ಅಂತ ಅದರ ಅರ್ಥವಂತೆ. ಮೊದಲ ದಿನ ನನಗೆ ನಾಲಿಗೆ ಹೊರಳಲಿಲ್ಲ. ಚಾಮರಾಜನಗರದ ಸಂಘದ ಮೀಟಿಂಗಿಗೆ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಹೋಗ್ತಿದ್ದ ಅಪ್ಪ, ಯಾರ ಕಾಲ್ನೂ ಇಡೀಬ್ಯಾಡ ಕಣಮ್ಮಿ, ಕಾಲು ಇಡಿಯೋ ಕೈಲಿ ಪುಸ್ತಕ ಇಡಿಯಕಾಗಲ್ಲ ಅಂತಿದ್ದನಲ್ಲ. ಆದರೆ ಈ ಅಜ್ಜಿಗೆ ಅದನ್ನ ಹೇಳೋವಾಗ ನನಗೆ ನಮ್ಮ ಚಿಕ್ಕಮಲ್ಲಮ್ಮಜ್ಜಿ ನೆನಪಾಗ್ತಿದ್ದಳು. ಮನಸಾರೆ ಅಂತಿದ್ದೆ. ಅವಳು ‘ಮರಹಬಾ’ ಅಂತ ತಲೆ ಸವರುತ್ತಿದ್ದಳು.

ಈಗ ತಪ್ಪು ಹೇಳ್ತೀನಿ, ಕೇಳು.

ಮಕ್ಕಳ ಕೈಗೆ ಬಣ್ಣದ ಪೆನ್ಸಿಲು ಕೊಟ್ಟು ಊರಿನ ನಕ್ಷೆ ಬರೆಸೋದು ನನ್ನ ಕೆಲಸದ ಒಂದು ದಾರಿ. ದೊಡ್ಡವರು ಹೇಳದ್ದನ್ನ ಮಕ್ಕಳು ಬರೀತಾರೆ. ನಮ್ಮೂರ ಶಾಲೆಗೂ ಒಬ್ಬಳು ಬೆಳ್ಳಗಿನ ಅಕ್ಕ ಹಿಂಗೇ ಪೆನ್ಸಿಲು ಹಿಡ್ಕೊಂಡು ಬಂದಿದ್ದಳು, ನಿನಗೆ ನೆನಪಿರಬಹುದು. ಅವಳನ್ನ ನೋಡಿಯೇ ನನಗೂ ಓದಬೇಕು ಅಂತ ಆಸೆ ಹುಟ್ಟಿದ್ದು. ನಾನೂ ಹಂಗೇ ಮಾಡಿದೆ. ನೀಮಾ ಬಹಳ ಚೆನ್ನಾಗಿ ಬರೆದಳು. ಮನೆ, ಬಾವಿ, ಹುತ್ತ, ಒಣಗಿದ ಹಳ್ಳ, ಹಳ್ಳದಾಚೆ ತಂತಿಬೇಲಿ ಸಡಿಲಾಗಿರೋ ಜಾಗ, ಅಲ್ಲಿಂದ ಒಳಕ್ಕೆ ಹಸಿರು ಪೆನ್ಸಿಲಲ್ಲಿ ಒಂದು ದಾರಿ. ದಾರಿಯ ತುದಿಯಲ್ಲಿ ತಲೆ ಮೇಲೆ ಹೊರೆ ಹೊತ್ತ ಹೆಂಗಸು. ಇದ್ಯಾರು ಅಂದೆ. ನಮ್ಮಮ್ಮ ಅಂದಳು.

ಇಲ್ಲೇ ಇನ್ನೂ ಮೂರು ತಿಂಗಳು ಇರೋಕೆ ಕಾಡಿನ ಆಫೀಸಿನ ಅಪ್ಪಣೆ ಬೇಕಿತ್ತು. ಆಫೀಸರು ರಿಪೋರ್ಟು ಕೇಳಿದ. ಬರೀ ಅಕ್ಷರ ಇದ್ದರೆ ಯಾರು ಓದ್ತಾರೆ, ಚೆಂದ ಕಾಣಲಿ ಅಂತ ಮಕ್ಕಳ ಚಿತ್ರ ಅಂಟಿಸಿದೆ. ಯಾರ ಹೆಸರೂ ಹಾಕಲ್ಲ ಅಂತ ಊರಿಗೆ ಮಾತು ಕೊಟ್ಟಿದ್ದೆ, ಹೆಸರು ಹಾಕಲಿಲ್ಲ. ಹೆಸರು ಇರಲಿಲ್ಲ ಅವ್ವ, ದಾರಿ ಇತ್ತು. ಆಫೀಸರು ಹಾಳೆ ತಿರುವುತ್ತಾ ನೀಮಾಳ ಚಿತ್ರದ ಹತ್ರ ನಿಂತ. ಬೆರಳಿಟ್ಟು ನೋಡಿದ. ಬಲೇ ಚೂಟಿ ಮಗು ಅಂದ. ಆ ಮಾತಿಗೆ ನನ್ನ ಬೆನ್ನು ಒಂದು ಗಳಿಗೆ ತಣ್ಣಗಾಯ್ತು. ಆದರೂ ನಾನು ಥ್ಯಾಂಕ್ಸ್ ಹೇಳಿ, ಸೀಲು ಹಾಕಿಸ್ಕೊಂಡು, ದಾರಿಯಲ್ಲಿ ಸೋಡಾ ಕುಡ್ಕೊಂಡು ಬಂದೆ.

ನಾಲ್ಕನೇ ದಿನ ಬೇಲಿ ಸಡಿಲಾಗಿದ್ದ ಜಾಗದಲ್ಲೇ ಗಾರ್ಡುಗಳು ಕಾದು ಕೂತಿದ್ದರು. ಹುಲ್ಲಿನ ಹೊರೆ ಸಮೇತ ನೀಮಾಳ ಅಮ್ಮನನ್ನ ಹಿಡಿದರು. ಜೀಪಿಗೆ ಹತ್ತಿಸೋವಾಗ ಅವಳ ಒಂದು ಚಪ್ಪಲಿ ಬಿದ್ದುಹೋಯ್ತಂತೆ. ಅದನ್ನ ಅಜ್ಜಿ ತಂದು ಬಾಗಿಲ ಪಕ್ಕ ಇಟ್ಟಿದ್ದಾಳೆ. ಒಳಗೆ ಹೋಗೋವಾಗ ಹೊರಗೆ ಬರೋವಾಗ ಅದನ್ನ ದಾಟಿಯೇ ಹೋಗಬೇಕು.

ನನ್ನ ಮೇಲೆ ಯಾರಿಗೂ ಅನುಮಾನ ಇಲ್ಲ. ಬೆಳಿಗ್ಗೆ ಶಿಕಾಮೂ ಅಂದರೆ ಅಜ್ಜಿ ಈಗಲೂ ಮರಹಬಾ ಅಂತಾಳೆ. ಮುದ್ದೆ ಮೊದಲು ನನ್ನ ತಟ್ಟೆಗೇ ಇಡ್ತಾಳೆ, ತಿನ್ನು ಮಗಳೇ, ನೀನು ಓದಿದವಳು, ನನ್ನ ಮಗಳ ಪರವಾಗಿ ಒಂದು ಅರ್ಜಿ ಬರಿ ಅಂತಾಳೆ. ಊರೆಲ್ಲ ಕೈ ತೋರಿಸ್ತಿರೋದು ಬೇರೆ ಒಬ್ಬನ ಕಡೆಗೆ. ನೀಮಾಳ ಸೋದರಮಾವ, ಈ ಅಜ್ಜಿಯ ಮಗನೇ. ಕಾಡಿನ ಗೇಟು ಕಾಯೋ ಕೆಲಸ ಸಿಕ್ಕಿ ಆರು ತಿಂಗಳಾಗಿದೆ. ಅವನೇ ಹೇಳಿಕೊಟ್ಟ, ಸಂಬಳಕ್ಕೆ ಅಕ್ಕನನ್ನ ಮಾರಿಕೊಂಡ ಅಂತಿದ್ದಾರೆ. ನಾಳೆ ಸೋಮವಾರ ಮಾವಿನ ಮರದ ಕೆಳಗೆ ಊರು ಸೇರುತ್ತೆ. ಅವನನ್ನ ಊರಿಂದ ಆಚೆ ಹಾಕ್ತಾರೆ.

ಇದನ್ನ ಓದ್ತಾ ನಿನಗೆ ಮೂಗಯ್ಯಮಾವ ನೆನಪಾದ. ನೀನು ಹಲ್ಲು ಕಡಿದೆ. ಇಷ್ಟು ದೂರದಿಂದಲೂ ನನಗೆ ಕೇಳಿಸುತ್ತೆ. ನಿನ್ನ ಒಡಹುಟ್ಟಿದ ಅಣ್ಣ, ಕಾಡು ಕಾಯೋ ವಾಚರ್ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಜೇನಿಗೆ ಹೋದ ಅಪ್ಪ ಆನೆ ಟ್ರೆಂಚಿನ ಹತ್ರ ಸಿಕ್ಕಿಬಿದ್ದ. ಜೈಲಿಂದ ಕೆಮ್ಮು ತಂದ, ಎರಡು ವರ್ಷಕ್ಕೆ ತೀರಿಹೋದ. ಮಾವ ಕೇರಿ ಯಜಮಾನರ ಮುಂದೆ ನಿಂತು, ನಿನ್ನ ಮುಖ ನೋಡಿ, ಮಾದಪ್ಪನ ಮ್ಯಾಲಾಣೆ ಸುಂದ್ರಿ, ನಾನು ಉಸ್ರೂ ಬುಟ್ಟಿಲ್ಲ ಅಂದ. ನೀನು ಅವನ ಕಾಲಬುಡಕ್ಕೆ ಮಣ್ಣು ತೂರಿದೆ. ಆ ಮನೆಗೆ ಬೆಂಕಿ ಇಲ್ಲ, ನೀರಿಲ್ಲ, ಒಳ್ಳೇದಕ್ಕೂ ಕೆಟ್ಟದ್ದಕ್ಕೂ ಕರೆಯೋ ಹಂಗಿಲ್ಲ ಅಂತ ಕಟ್ಟಾಯ್ತು. ಆಮೇಲೆ ಚಿಕ್ಕಮಲ್ಲಮ್ಮಜ್ಜಿ ಸತ್ತಾಗ, ಹೆತ್ತ ಮಗ ಹುಣಸೆಮರದ ಹತ್ರ ಟವೆಲ್ಲು ಬಾಯಿಗೆ ಒತ್ಕೊಂಡು ನಿಂತಿದ್ದ. ಮೂರು ಹಿಡಿ ಮಣ್ಣು ಹಾಕೋಕೂ ನೀನು ಬಿಡಲಿಲ್ಲ.

ಇಲ್ಲೂ ಹಂಗೇ ಆಗುತ್ತೆ, ನಾನು ಬಾಯಿ ಬಿಡದಿದ್ದರೆ.

ಗೈಡಿಗೆ ಎಲ್ಲ ಬರೆದೆ. ಉತ್ತರ ಬಂತು. ಯಾರ ಹತ್ರಾನೂ ಏನೂ ಮಾತಾಡಬೇಡ, ಸದ್ದಿಲ್ಲದೆ ಪಟ್ಟಣಕ್ಕೆ ಹೋಗಿ ಇರು, ಇದನ್ನ ಯೂನಿವರ್ಸಿಟಿ ನೋಡ್ಕೊಳುತ್ತೆ ಅಂತ. ನಾನು ಒಪ್ಪಿಕೊಂಡರೆ ಅಪ್ಪಣೆ ರದ್ದು, ಕೆಲಸ ರದ್ದು, ಡಿಗ್ರಿ ಇಲ್ಲ. ಯಾರನ್ನ ನೋಡ್ಕೊಳುತ್ತೆ ಯೂನಿವರ್ಸಿಟಿ? ಆ ಒಂಟಿ ಚಪ್ಪಲೀನ ನೋಡ್ಕೊಳುತ್ತಾ? ಬಡವರ ಗುಡಿಸಲಿಗೆ ನುಗ್ಗಿ ಪ್ರಶ್ನೆ ಕೇಳೋಕೆ ಇವರಿಗೆ ನೂರು ಪಾಠ ಇದೆ, ತಪ್ಪಾಯ್ತು ಅನ್ನೋಕೆ ಒಂದು ಪಾಠ ಇಲ್ಲ. ಇವರು ಅಂತ ಯಾಕೆ ಅಂತೀನಿ, ನಾನೂ ಅದೇ ನೋಟ್‌ಬುಕ್ಕು ಹಿಡಿದವಳು. ನಮ್ಮ ಕೇರಿಯವಳು ಹಿಡಿದ ಮಾತ್ರಕ್ಕೆ ಕುಡುಗೋಲು ಮೊಂಡಾಗಲ್ಲ.

ನಿನ್ನೆ ಬಟ್ಟೆ ತುಂಬಿದೆ ಅವ್ವ. ಓಡಿಹೋಗೋಣ ಅಂತಲೇ ತುಂಬಿದ್ದು. ಚೀಲ ಹೆಗಲಿಗೆ ಹಾಕಿ ತಿರುಗಿದರೆ ನೀಮಾ ಬಾಗಿಲಲ್ಲಿ ನಿಂತಿದ್ದಾಳೆ. ಅಮ್ಮ ಹೋದ ದಿನದಿಂದ ಆ ಮಗು ಮಾತಾಡಿಲ್ಲ. ಎಲ್ಲರೂ ಹೆದರಿಕೆ ಅಂತಾರೆ. ಹೆದರಿಕೆ ಅಲ್ಲ, ಅವಳಿಗೆ ಗೊತ್ತು. ಹಸಿರು ಪೆನ್ಸಿಲನ್ನ ನನ್ನ ಕೈಗೆ ಕೊಟ್ಟಳು, ಇನ್ನು ಬೇಡ ಅನ್ನೋ ಹಂಗೆ. ನಾನು ಚೀಲ ಇಳಿಸಿದೆ.

ನಾಳೆ ಮಾವಿನ ಮರದ ಕೆಳಗೆ ನಿಂತು ಹೇಳ್ತೀನಿ. ಚಿತ್ರ ಕೊಂಡೊಯ್ದವಳು ನಾನು, ಇವನಲ್ಲ, ಆ ಮಗುವೂ ಅಲ್ಲ ಅಂತ. ಹೊಡೀತಾರೋ ಉಗೀತಾರೋ ಗೊತ್ತಿಲ್ಲ. ಆಮೇಲೆ ಲಾಕಪ್ಪಿನ ಹತ್ರ ಹೋಗಿ ಅದನ್ನೇ ಬರೆದುಕೊಡ್ತೀನಿ. ಅದರಿಂದ ಅವಳು ಬಿಡುಗಡೆಯಾಗಲ್ಲ, ನನಗೆ ಗೊತ್ತು. ನನ್ನ ಕೈಲಾಗೋದು ಅಷ್ಟೇ. ಡಿಗ್ರಿ ಇಲ್ಲದ ಮಗಳು ಬಂದರೆ ಕದ ತೆಗೀತೀಯ ಅಂತ ಕೇಳೋಕೆ ಈ ಕಾಗದ ಶುರುಮಾಡಿದ್ದೆ. ಅದು ಸಣ್ಣ ಪ್ರಶ್ನೆ ಅಂತ ಈಗ ಗೊತ್ತಾಗ್ತಿದೆ. ದೊಡ್ಡದನ್ನ ಬರೆಯೋಕೆ ಕೈ ಬರ್ತಿಲ್ಲ.

ಇಷ್ಟೇ ಅವ್ವ.

ನಿನ್ನ ಹೊಟ್ಟೇಲಿ ಹುಟ್ಟಿದವಳು,
ಭಾಗ್ಯ

ಸಹಿ ಹಾಕಿದ ಮೇಲೂ ಉಳಿದದ್ದು: ನಾನು ಐದನೇ ಕ್ಲಾಸಲ್ಲಿ ಗೆದ್ದು ತಂದ ಜಾಮಿಟ್ರಿ ಬಾಕ್ಸು, ನೀನು ಬೀದಿಗೆಲ್ಲ ತೋರಿಸ್ಕೊಂಡು ಬಂದದ್ದು, ಅದು ಲೆಕ್ಕಕ್ಕೆ ಬಂದ ಬಹುಮಾನ ಅಲ್ಲ. ನಿನಗೆ ಸುಳ್ಳು ಹೇಳಿದ್ದೆ. ಆ ಬೆಳ್ಳಗಿನ ಅಕ್ಕ ನಮ್ಮ ಕೈಲೂ ನಕ್ಷೆ ಬರೆಸಿದ್ದಳು. ನಿಮ್ಮಪ್ಪ ಎಲ್ಲಿಗೆ ಹೋಗ್ತಾರೆ ಅಂದಳು. ಬಂಡೆ, ಹಳ್ಳ, ಟ್ರೆಂಚು ಕುಸಿದ ಜಾಗ, ಜೇನುಮರ, ಎಲ್ಲ ಬರೆದೆ. ಜೇನುಮರದ ಕೆಳಗೆ ಅಪ್ಪನ್ನ ಬರೆದೆ, ಹೆಗಲ ಮೇಲೆ ಕೆಂಪು ಟವೆಲ್ಲು ಸಮೇತ. ಚಿತ್ರಗಳನ್ನ ಶಾಲೆ ಗೋಡೆಗೆ ಅಂಟಿಸಿದ್ದರು. ಬಹುಮಾನ ಕೊಡೋಕೆ ಬಂದದ್ದು ಕಾಡಿನ ಆಫೀಸರು. ನನ್ನ ಚಿತ್ರದ ಮುಂದೆ ಬಹಳ ಹೊತ್ತು ನಿಂತ. ಬಲೇ ಚೂಟಿ ಮಗು ಅಂತ ನನ್ನ ಕೆನ್ನೆ ತಟ್ಟಿ ಬಾಕ್ಸು ಕೊಟ್ಟ. ಐದನೇ ದಿನ ಅಪ್ಪನ್ನ ಹಿಡಿದದ್ದು ನಾನು ಬರೆದ ಜಾಗದಲ್ಲೇ. ನೀನು ಮಾವನಿಗೆ ಮಣ್ಣು ತೂರಿದಾಗ ನಾನು ನಿನ್ನ ಸೀರೆ ಹಿಂದೆ ನಿಂತಿದ್ದೆ. ಹತ್ತು ವರ್ಷದವಳಿಗೆ ಬಾಯಿ ಬರಲಿಲ್ಲ, ಒಪ್ಕೋ. ಹದಿನೆಂಟಕ್ಕೂ ಬರಲಿಲ್ಲ, ಇಪ್ಪತ್ತಾರಕ್ಕೂ ಬರಲಿಲ್ಲ, ಅದನ್ನ ಒಪ್ಕೋಬೇಡ.

ಇದನ್ನ ಮಡಿಚಿಟ್ಟು ಮೂಗಯ್ಯಮಾವನ ಬಾಗಿಲಿಗೆ ಹೋಗು ಅವ್ವ. ಏನೂ ಹೇಳೋಕೆ ಹೋಗಬೇಡ. ಕುಡಿಯೋಕೆ ನೀರು ಕೇಳು. ಕೊಟ್ಟರೆ, ಬೀದಿಯೋರೆಲ್ಲ ನೋಡೋ ಹಂಗೆ ಅವನ ಚೊಂಬಲ್ಲೇ ಕುಡಿ. ಕೊಡದಿದ್ದರೆ ಅಲ್ಲೇ ಜಗಲಿ ಮೇಲೆ ಕೂತ್ಕೋ. ನಾನು ಬಂದು ನಿನ್ನ ಪಕ್ಕದಲ್ಲಿ ಕೂತ್ಕೋತೀನಿ.