ಮೊಟ್ಟೆ ಹಂಚಾಕ ಹೋದ ಹೊತ್ತು

ಅಂಬಪ್ಪಣ್ಣಾರಿಗೆ ಶಾಹೀನ್ ಟೀಚರ್ ಮಾಡುವ ನಮಸ್ಕಾರ.

ನಿಮ್ಮ ಫೋನ್ ಹತ್ತವಲ್ದು, ಅದಕ್ಕ ಅಡುಗಿ ಜೋಗಮ್ಮನ ಕೈಯಾಗ ಚೀಟಿ ಕಳಿಸೀನಿ. ನಿಮ್ಮ ಮಗಳು ಸಂಘಮಿತ್ರಾ ಇವತ್ತು ಸಾಲಿಗೆ ಬಂದಿಲ್ಲ.

ನಾವು ಮೊದಲೇ ಪೂರ್ತಿ ನೋಡಿ ಆರಿಸಿದ ವಿಡಿಯೊ ಅಷ್ಟ ತೋರಿಸೋ ಹೊಸ ಪೆಟ್ಟಿಗಿ ಸಾಲಿಗೆ ಕೊಟ್ಟಾರ. ನಿನ್ನೆ ಅವಸರಕ್ಕ ನಾ ಅದನ್ನ ಬಿಟ್ಟು ನನ್ನ ಫೋನನ್ನ ಟೀವಿಗೆ ಹಚ್ಚಿದೆ. ಮೊಟ್ಟೆ ಹಂಚಾಕ ಹೊರಗ ಹೋದಾಗ ಪಾಠ ಮುಗದು, ಸೇತುವೆಯಿಂದ ಕಾಲುವೆಗೆ ಜಿಗಿಯೋ ಹುಡುಗರ ವಿಡಿಯೊ ತಾನಾಗೇ ಬಂತು. ಮಕ್ಕಳು ಚಪ್ಪಾಳೆ ಹೊಡಿಯಾಕತ್ತಿದ್ರು.

"ಟೀಚರ್, ನಮ್ಮ ಕಾಲುವೆನೂ ಅಷ್ಟು ಆಳ ಐತೇನ್ರಿ?" ಅಂತ ಸಂಘಮಿತ್ರಾ ಕೇಳಿದ್ಳು. "ಕುಂದ್ರವಾ" ಅಂದು ನಾ ನಕ್ಕೆ.

ನಿಮ್ಮ ಕೂಡ ದಢೇಸುಗೂರಿಗೆ ನಾಟಿಗೆ ಬಂದಿದ್ರ ಜಲ್ದಿ ಹೇಳಿ ಕಳಿಸ್ರಿ. ಬರಿಗಾಲಾಗ ಬಂದಿದ್ರೂ ಬೈಬ್ಯಾಡ್ರಿ. ಅಕಿ ಚಪ್ಪಲಿ ಇಲ್ಲೇ ಅದಾವ.

ನಿಮ್ಮ ಉತ್ತರದ ದಾರಿ ಕಾಯಾಕತ್ತೀನಿ,
ಶಾಹೀನ್
ಕಾಲುವೆ ಸೇತುವೆ ಮ್ಯಾಲಿಂದ