ಚಕ್ರದ ಬೂಟು

ಅಕ್ಕ,

ಗುಬ್ಬಿ ಮೆಟ್ಟಿಲಿಂದ ಹಾರಿ ಕೈ ಮುರಿದುಕೊಂಡಳೆಂದು ನಾನು ಹೇಳಿದ್ದು ಸುಳ್ಳು. ಅವಳ ಹುಟ್ಟುಹಬ್ಬಕ್ಕೆ ನಾನು ತಂದ ಚಕ್ರದ ಬೂಟನ್ನು “ಇನ್ನೆರಡು ವರ್ಷ ಹೋಗ್ಲಿ” ಎಂದು ನೀನು ಅಟ್ಟಕ್ಕೆ ಹಾಕಿದ್ದೆಯಲ್ಲ. ಅಷ್ಟು ದುಡ್ಡು ಸುರಿದು ತಂದದ್ದು ಧೂಳು ತಿನ್ನುತ್ತಿದೆಯೆಂದು ನನಗೆ ಹೊಟ್ಟೆ ಉರಿಯಿತು. ನೀನು ಕೆಲಸಕ್ಕೆ ಹೋದಾಗ ಇಳಿಸಿ, ನಾನೇ ತೊಡಿಸಿದೆ. ಗೇಟು ದಾಟುವಷ್ಟರಲ್ಲಿ ಬಿದ್ದಳು. ಅವಳು ಅಳುತ್ತಿದ್ದರೆ ನಾನು, “ಅಮ್ಮಂಗೆ ಹೇಳ್ಬೇಡ ಕಣೇ” ಎಂದೆ.

ಆಸ್ಪತ್ರೆಯಲ್ಲಿ ನೀನು “ಕೋತಿ ಥರ ಯಾಕೆ ಹಾರ್ದೆ?” ಎಂದು ಗದರಿದಾಗ, ಅವಳು ನನ್ನ ಮುಖ ನೋಡಿ ಸುಮ್ಮನಾದಳು. ನಾನೂ ತೆಪ್ಪಗಿದ್ದೆ.

ಭಾನುವಾರ ಬರುತ್ತೇನೆ, ಬೇಕಾದಷ್ಟು ಬೈ. ಅದಕ್ಕೂ ಮೊದಲು, ಇವತ್ತೇ, “ಮಾಮನೇ ಎಲ್ಲಾ ಹೇಳ್ಬಿಟ್ಟ” ಎಂದು ಅವಳಿಗೆ ತಿಳಿಸು. ಐದು ವರ್ಷದ ಮಗು ಇನ್ನೂ ನನ್ನ ಗುಟ್ಟು ಕಾಯುತ್ತಿದೆ.

ಮುಖ ತೋರಿಸಲಾಗದ
ನಿನ್ನ ತಮ್ಮ