ದುಬೈ ನಂಬರಿಗೆ ಬಂದ ಕರೆ

ಇಂಟರ್‌ನ್ಯಾಷನಲ್ ಸಿಟಿ, ದುಬೈ
18 ಸೆಪ್ಟೆಂಬರ್ 2020, ಶುಕ್ರವಾರ

ಪ್ರೀತಿಯ ಕೀರ್ತನ್,

ನಿಮ್ಮ ನಿಖಿತಾಳ ನಮಸ್ಕಾರಗಳು. ನಾನೂ ಧನ್ವಿಯೂ ಆರೋಗ್ಯವಾಗಿದ್ದೇವೆ. ಜ್ವರ, ಕೆಮ್ಮು ಏನೂ ಇಲ್ಲ, ಆ ಚಿಂತೆ ಬೇಡ. ಈ ವಾರವೆಲ್ಲ ನೀವು ಫೋನ್ ಮಾಡಿದಾಗ ‘ಮತ್ತೆ ಮಾಡ್ತೇನೆ’ ಎಂದು ಇಟ್ಟುಬಿಡುತ್ತಿದ್ದೆ, ಆಮೇಲೆ ಮಾಡಲೂ ಇಲ್ಲ. ಕ್ಷಮಿಸಿ. ಇಷ್ಟು ಹೊತ್ತಿಗೆ ನಿಮ್ಮ ಮೂಗಿನ ತುದಿ ಕೆಂಪಾಗಿರುತ್ತದೆ, ನನಗೆ ಗೊತ್ತು.

ಈ ಕಾಲದಲ್ಲಿ ಕಾಗದ ಬರೆಯುವವಳು ನಾನೊಬ್ಬಳೇ ಇರಬೇಕು. ಏನು ಮಾಡಲಿ ಮಾರಾಯ್ರೇ, ಕಾಪುವಿನ ನಿಮ್ಮ ಮನೆಯಲ್ಲಿ ಫೋನ್ ಎಂದರೆ ಸ್ಪೀಕರ್. ನಾನು ಹಲೋ ಎನ್ನುವಷ್ಟರಲ್ಲಿ ಅತ್ತೆ, ಮಾವ, ಪಕ್ಕದ ಮನೆಯ ಅಮ್ಮಣ್ಣಿ ಎಲ್ಲರೂ ಸುತ್ತ ಕೂತಾಗಿರುತ್ತದೆ. ನಮ್ಮ ಫ್ಲ್ಯಾಟಿನ ಆಚೆ ಕೋಣೆಯ ರೋಸಿ ನಾಳೆ ವಿಶೇಷ ವಿಮಾನದಲ್ಲಿ ಮಂಗಳೂರಿಗೆ ಹೊರಟಿದ್ದಾಳೆ. ಅವಳ ಅಣ್ಣ ಇದನ್ನು ನಿಮಗೆ ತಲುಪಿಸುತ್ತಾನೆ. ಒಬ್ಬರೇ ಕೂತು ಓದಿ.

ನಿಮ್ಮ ಕೆಲಸ ಹೋಯಿತು. ಸುತ್ತು ಬಳಸಿ ಹೇಳುವುದು ಹೇಗೆಂದು ಯೋಚಿಸಿ ಸಾಕಾಗಿ ನೇರವಾಗಿ ಬರೆದುಬಿಟ್ಟೆ. ಸೋಮವಾರ ನಿಮ್ಮ ದುಬೈ ನಂಬರಿಗೆ ಆಫೀಸಿನ ಪಿಆರ್‌ಒ ಕರೆ ಮಾಡಿದ, ಅದೇ ವೀಸಾ ಕೆಲಸ ನೋಡುವವನು. ಒಟಿಪಿ ಬಂದರೆ ಬೇಕಾಗುತ್ತದೆ ಎಂದು ಆ ಸಿಮ್ ನನ್ನ ಹತ್ತಿರ ಬಿಟ್ಟು ಹೋಗಿದ್ದಿರಲ್ಲ. ‘ಮೇಡಂ, ಕೀರ್ತನ್ ಕೇ ಲಿಯೇ ಅಬ್ ಕಾಮ್ ಮಾಫಿ’ ಎಂದ. ಇನ್ನು ಕೆಲಸ ಇಲ್ಲ. ತಿಂಗಳ ಕೊನೆಗೆ ನಿಮಗೆ ಇಮೇಲ್ ಬರುತ್ತದಂತೆ.

ನನಗೆ ಮೊದಲು ಸಿಟ್ಟೇ ಬಂತು. ಇಲ್ಲಿನ ಸರಕಾರವೇ ಮಾಡಿದ ರಜೆ ಯೋಜನೆ, ಸಂಬಳ ಮಾತ್ರ ಇಲ್ಲ, ಕೆಲಸ ಎಲ್ಲಿಗೂ ಹೋಗುವುದಿಲ್ಲ ಎಂದು ಜೂನಿನಲ್ಲಿ ವಿಮಾನ ಹತ್ತುವಾಗ ಎಷ್ಟು ಧೈರ್ಯ ಹೇಳಿದ್ದಿರಿ! ವಸ್ತುಪ್ರದರ್ಶನಗಳ ಸ್ಟಾಲ್ ಕಟ್ಟುವ ಕಂಪನಿ ನಿಮ್ಮದು, ಪ್ರದರ್ಶನಗಳೇ ನಿಂತುಹೋಗಿವೆ, ಅದು ನನಗೂ ಅರ್ಥವಾಗುತ್ತದೆ. ಆದರೂ ರಜೆಯಲ್ಲಿ ಇರುವವರನ್ನು ತೆಗೆಯುತ್ತಾರೆಯೇ ಎಂದು ಕೇಳಿದೆ. ‘ಕೀರ್ತನ್ ಟೆಂಪರರಿ, ಮೇಡಂ’ ಎಂದ.

ಆಮೇಲೆ ಹೇಳಿದ್ದು ಇನ್ನೂ ಕೆಟ್ಟದ್ದು. ನಿಮ್ಮ ವೀಸಾ ರದ್ದು ಮಾಡಬೇಕಾದರೆ ಮೊದಲು ನಿಮ್ಮ ಹೆಸರಿನಲ್ಲಿರುವ ನಮ್ಮಿಬ್ಬರದ್ದು ರದ್ದಾಗಬೇಕಂತೆ. ಮೊದಲು ನಾನು ಮತ್ತು ಧನ್ವಿ, ಕೊನೆಗೆ ನೀವು. ಪಾಸ್‌ಪೋರ್ಟುಗಳನ್ನು ಸಿದ್ಧ ಇಟ್ಟುಕೊಳ್ಳಿ ಎಂದ.

ಅವತ್ತಿನಿಂದ ನನಗೆ ಹೆದರಿಕೆ ಹಿಡಿದಿದೆ, ಕೀರ್ತನ್. ಲಿಫ್ಟ್ ನಿಂತ ಸದ್ದಾದರೆ ನಮ್ಮ ಬಾಗಿಲಿಗೇ ಯಾರೋ ಬಂದರು ಅನಿಸುತ್ತದೆ. ನಿನ್ನೆ ವಾಚ್‌ಮನ್ ಎಸಿ ಕ್ಲೀನ್ ಮಾಡುವವರನ್ನು ಕರೆದುಕೊಂಡು ಬಂದ. ಬಾಗಿಲು ತೆರೆಯದೆ ಮಗುವಿನ ಬಾಯಿ ಮುಚ್ಚಿ ಹಿಡಿದು ಕೂತೆ. ಅವರು ಹೋದ ಮೇಲೆ ಅವಳು ‘ಮಮ್ಮಿ, ಆರ್ ವೀ ಹೈಡಿಂಗ್?’ ಎಂದು ಕೇಳಿದಳು. ಹೌದು, ಆಟ ಎಂದೆ. ಅವಳಿಗೆ ಖುಷಿಯಾಯಿತು. ಇಲ್ಲಿ ಕಟ್ಟಡಗಳ ಗುಂಪುಗಳಿಗೆಲ್ಲ ದೇಶಗಳ ಹೆಸರು. ಸೊಸೆ ಇರುವುದು ಫ್ರಾನ್ಸ್ ಕ್ಲಸ್ಟರಿನಲ್ಲಿ ಎಂದು ಅತ್ತೆ ಊರೆಲ್ಲ ಹೇಳಿಕೊಂಡು ಬಂದಿದ್ದಾರಲ್ಲ, ಫ್ರಾನ್ಸಿನ ಸೊಸೆಯ ಅವಸ್ಥೆ ಇದು!

ರೋಸಿ ಪೆಟ್ಟಿಗೆ ಕಟ್ಟುತ್ತಾ ಬೈದಳು. ‘ಎಂತ ಮಾರಾಯ್ತಿ, ಹೀಗೆ ಹೆದರಿದ್ರೆ ಆಗ್ತದಾ? ಗಂಡನ ಹತ್ರ ಹೇಳು. ಅವ್ರು ಎಂತಾದ್ರೂ ದಾರಿ ನೋಡ್ತಾರೆ’ ಎಂದಳು. ನಾಳೆಯಿಂದ ಅವಳೂ ಇರುವುದಿಲ್ಲ. ಈ ಫ್ಲ್ಯಾಟಿನಲ್ಲಿ ನಾವಿಬ್ಬರೇ.

ಮಾವನಿಗೆ ಈಗಲೇ ಹೇಳಬೇಡಿ, ಸ್ಟೆಂಟ್ ಹಾಕಿಸಿಕೊಂಡ ಮೇಲೆ ಅವರು ಮೊದಲಿನಂತಿಲ್ಲ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ. ಧನ್ವಿ ಪಪ್ಪನಿಗೆ ಮುತ್ತು ಕಳಿಸಿದ್ದಾಳೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ನಮ್ಮ ಮೂವರನ್ನೂ ಬೇಗ ಒಂದೇ ಸೂರಿನ ಕೆಳಗೆ ಸೇರಿಸಲಿ. ಅದು ಯಾವ ಊರಿನ ಸೂರಾದರೂ ಸರಿ.

ಇಂತಿ ನಿಮ್ಮ,
ನಿಖಿತಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಪಿಆರ್‌ಒ ಅದಕ್ಕೂ ಹಿಂದಿನ ವಾರ ಒಮ್ಮೆ ಕರೆ ಮಾಡಿದ್ದ. ನಾನು ದೋಸೆಗೆ ಅರೆಯುತ್ತಿದ್ದೆ, ಮಿಕ್ಸಿಯ ಗದ್ದಲ. ‘ಕೀರ್ತನ್, ಛುಟ್ಟಿ ಖಲಾಸ್?’ ಎಂದು ಕೇಳಿದಂತಾಯಿತು. ರಜೆ ಮುಗಿಯಿತಾ, ಬರುತ್ತಾರಾ ಎಂದು ಕೇಳುತ್ತಿದ್ದಾನೆ ಅಂದುಕೊಂಡೆ. ಎಷ್ಟು ಸಂತೋಷವಾಯಿತೆಂದರೆ, ‘ಖಲಾಸ್, ಖಲಾಸ್!’ ಎಂದು ಕೂಗಿಯೇ ಹೇಳಿದೆ. ‘ತಮಾಮ್’, ಅಂದರೆ ಸರಿ, ಎಂದು ಫೋನ್ ಇಟ್ಟ. ಟಿಕೆಟ್ ಕೈಗೆ ಬಂದ ಮೇಲೆ ನಿಮಗೆ ಹೇಳೋಣ ಎಂದು ಸುಮ್ಮನಿದ್ದೆ.

ಮಂಗಳವಾರ ನಿಮ್ಮ ಜೊತೆ ಕೆಲಸ ಮಾಡುವ ಇವಾನ್ ಊರಿನಿಂದ, ಶಿರ್ವದಿಂದ, ಈ ನಂಬರಿಗೆ ಮೆಸೇಜ್ ಮಾಡಿದ್ದ. ಅವನೂ ಟೆಂಪರರಿ, ಅವನೂ ರಜೆಯಲ್ಲಿ ಇರುವವನು. ಅವನ ಕೆಲಸ ಉಳಿದಿದೆ. ಅವನನ್ನು ಪಿಆರ್‌ಒ ‘ಛುಟ್ಟಿ, ಯಾ ಖಲಾಸ್?’ ಎಂದು ಕೇಳಿದ್ದನಂತೆ. ರಜೆಯಲ್ಲೇ ಇರುತ್ತೀಯಾ, ಇಲ್ಲ ಕೆಲಸ ಬಿಡುತ್ತೀಯಾ? ಅವನು ಛುಟ್ಟಿ ಎಂದನಂತೆ. ನಡುವಿನ ಆ ‘ಯಾ’, ಅಥವಾ ಎನ್ನುವ ಆ ಒಂದು ಮಾತು, ನನಗೆ ಕೇಳಿಸಿಯೇ ಇಲ್ಲ.

ಪಿಆರ್‌ಒಗೆ ಎಷ್ಟು ಸಲ ಕರೆ ಮಾಡಿದರೂ ಎತ್ತುತ್ತಿಲ್ಲ. ನೀವೊಮ್ಮೆ ಮಾಡಿ ನೋಡಿ. ಹೆಂಡತಿಗೆ ಭಾಷೆ ಬರುವುದಿಲ್ಲ ಎಂದು ಹೇಳಿ, ಏನು ಬೇಕಾದರೂ ಹೇಳಿ. ನನಗೂ ಬೇಕಾದಷ್ಟು ಬೈಯಿರಿ, ಎದುರು ಮಾತಾಡುವುದಿಲ್ಲ. ನನ್ನ ಹತ್ತಿರ ಮಾತು ಮಾತ್ರ ಬಿಡಬೇಡಿ.